ಮರಳುವ ಇಂಧನ

ಓದು ಮುಗಿಸಿ, ಉದ್ಯೋಗ ಹಿಡಿದು, ತಮ್ಮ ಕಾಲಿನ ಮೇಲೆ ತಾವು ನಿಂತ ಮಕ್ಕಳ ವಿಷಯದಲ್ಲಿ ತಂದೆತಾಯಂದಿರು ಒಂದು ಬಗೆಯ ನಿಶ್ಚಿಂತೆಯನ್ನು ಅನುಭವಿಸುತ್ತಾರೆ. ಇನ್ನು ನಮ್ಮ ಹೊಣೆ ಮುಗಿಯಿತು, ಮದುವೆಯೊಂದಾದರೆ ಸಾಕು ಎಂಬ ಸಮಾಧಾನ ಅದು. ನಮ್ಮ ತಲೆಮಾರಿನವರು ಹಿಡಿದ ಕೆಲಸವನ್ನು ನಿವೃತ್ತಿಯವರೆಗೆ ಬಿಡಲಿಲ್ಲ. ಕೆಲಸವೆಂಬುದು ನಮಗೆ ಆಯ್ಕೆಗಿಂತ ಹೆಚ್ಚಾಗಿ ಆಶ್ರಯವಾಗಿತ್ತು. ಇಂದಿನ ಮಕ್ಕಳು ಹಾಗಲ್ಲ. ಮೂವತ್ತರ ಹೊಸ್ತಿಲಲ್ಲಿ ನಿಂತು, ಕೈತುಂಬ ಸಂಬಳ ಬರುತ್ತಿರುವಾಗಲೇ, "ನಾನು ಬೇರೊಂದನ್ನು ಕಲಿಯಬೇಕು" ಎನ್ನುತ್ತಾರೆ. ಅದನ್ನು ಚಂಚಲತೆ ಎಂದು ತಳ್ಳಿಹಾಕುವುದು ಸುಲಭ, ಹುರಿದುಂಬಿಸಿ ಕಳುಹಿಸುವುದೂ ಸುಲಭ. ಇವೆರಡರ ನಡುವೆ ಒಂದು ಕಷ್ಟದ ದಾರಿಯಿದೆ. ಮಗನ ಜೊತೆ ಕುಳಿತು ಲೆಕ್ಕ ಹಾಕುವ ದಾರಿ ಅದು. ಕಳೆದ ಕೆಲವು ವರ್ಷಗಳಿಂದ ನಮ್ಮ ಮನೆ ನಡೆದುಬಂದದ್ದು ಆ ದಾರಿಯಲ್ಲಿ.

ನಮ್ಮದು ಪಾಂಡವಪುರ ತಾಲ್ಲೂಕಿನ ಚಿನಕುರಳಿ. ನಾಲೆಯ ನೀರು, ಕಬ್ಬು, ಭತ್ತ, ಆಲೆಮನೆಯ ಹೊಗೆ, ಇವುಗಳ ನಡುವೆ ಬೆಳೆದ ಊರು. ನಾನು ಪ್ರಾಥಮಿಕ ಶಾಲೆಯಲ್ಲಿ ಮೂರು ದಶಕ ಪಾಠ ಹೇಳಿ ನಿವೃತ್ತನಾದವನು. ತಂದೆಯಿಂದ ಬಂದ ಎರಡು ಎಕರೆ ಗದ್ದೆಯಿದೆ. ಮಗ ಎಂಜಿನಿಯರಿಂಗ್ ಓದಿ ಬೆಂಗಳೂರಿನ ಒಂದು ಸಾಫ್ಟ್‌ವೇರ್ ಕಂಪನಿಯಲ್ಲಿ ದುಡಿಯುತ್ತಿದ್ದಾನೆ. ಮಗಳು ಮೈಸೂರಿನಲ್ಲಿ ಓದುತ್ತಿದ್ದಾಳೆ. 2022ರ ಒಂದು ಭಾನುವಾರ, ಇಪ್ಪತ್ತೆಂಟರ ಹರೆಯದ ಮಗ ತಾನು ವಿಮಾನ ಚಾಲಕನಾಗಬೇಕೆಂದಿರುವುದಾಗಿ ತಿಳಿಸಿದ. ನನ್ನ ಮುಖ ನೋಡಿ ತಾನೇ ಮಾತು ಮುಂದುವರಿಸಿದ: "ಅಪ್ಪ, ಕೆಲಸ ಬಿಡ್ತೀನಿ ಅಂತ ಹೇಳ್ತಿಲ್ಲ. ಕೆಲಸ ಮಾಡ್ತಾನೇ ಕಲೀತೀನಿ. ಎಲ್ಲೀವರೆಗೆ ಆಗುತ್ತೋ ಅಲ್ಲೀವರೆಗೆ."

"ಎಲ್ಲೀವರೆಗೆ ಆಗುತ್ತೋ" ಎಂಬ ಆ ಮಾತು ನನ್ನ ಮನಸ್ಸಿನಲ್ಲಿ ಉಳಿಯಿತು. ಎಲ್ಲಿಯವರೆಗೆ ಆಗುತ್ತದೆ? ಅದರಾಚೆಗೆ ಏನು? ಆ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದಾಗ ನಾನು ಕಂಡುಕೊಂಡ ಸಂಗತಿಗಳನ್ನೇ ಇಲ್ಲಿ ಹೇಳಲು ಹೊರಟಿದ್ದೇನೆ.

ಸುದ್ದಿ ಊರಿನಲ್ಲಿ ಹರಡಿದಾಗ ಅನೇಕರಿಗೆ ನೆನಪಾದ ಹೆಸರು ಕ್ಯಾಪ್ಟನ್ ಗೋಪಿನಾಥ್ ಅವರದು. ಅದು ಸಹಜವೇ. ಅವರು ಹುಟ್ಟಿದ್ದು 1951ರಲ್ಲಿ, ನಮ್ಮ ತಾಲ್ಲೂಕಿನ ಮೇಲುಕೋಟೆಯಲ್ಲಿ. ಬೆಳೆದದ್ದು ಹಾಸನ ಜಿಲ್ಲೆಯ ಗೊರೂರಿನಲ್ಲಿ. "ನಮ್ಮ ಮೇಲುಕೋಟೆಯವರೇ ಪೈಲಟ್ ಆಗಿ ವಿಮಾನ ಕಂಪನಿ ಕಟ್ಟಲಿಲ್ವೇ ಮೇಷ್ಟ್ರೇ" ಎಂದು ಅಂಗಡಿ ಜಗಲಿಯಲ್ಲಿ ಒಬ್ಬರು ಕೇಳಿಯೂ ಕೇಳಿದರು. ಆದರೆ ಅವರ ಹೆಸರಿನ ಮುಂದಿರುವ ಕ್ಯಾಪ್ಟನ್ ಎಂಬುದು ಸೇನೆಯ ಪದವಿ. ಅದು ವಿಮಾನ ನಡೆಸಿ ಪಡೆದದ್ದಲ್ಲ. ಬಿಜಾಪುರದ ಸೈನಿಕ ಶಾಲೆಯಲ್ಲಿ ಓದಿ, ಸೇನೆ ಸೇರಿ, ಎಂಟು ವರ್ಷಗಳ ಸೇವೆಯ ನಂತರ ಹೊರಬಂದ ಅವರು ಹಿಡಿದದ್ದು ನೇಗಿಲನ್ನು. ಹೇಮಾವತಿ ಅಣೆಕಟ್ಟೆಯಿಂದ ಮುಳುಗಡೆಯಾದ ಜಮೀನಿಗೆ ಬದಲಾಗಿ ದೊರೆತ ಬಂಜರು ನೆಲದಲ್ಲಿ ತೆಂಗು ನೆಟ್ಟರು, ರೇಷ್ಮೆ ಸಾಕಿದರು. ಅವರ ಪರಿಸರಸ್ನೇಹಿ ರೇಷ್ಮೆ ಕೃಷಿಗೆ 1996ರಲ್ಲಿ ರೋಲೆಕ್ಸ್ ಪ್ರಶಸ್ತಿ ಬಂದಿತು. 1997ರಲ್ಲಿ ಹೆಲಿಕಾಪ್ಟರ್ ಸಂಸ್ಥೆ ಆರಂಭವಾದಾಗ ಜೊತೆಗಿದ್ದವರು ಸೇನೆಯ ಹೆಲಿಕಾಪ್ಟರ್ ಚಾಲಕರಾಗಿದ್ದ ಅವರ ಗೆಳೆಯ ಕೆ. ಜೆ. ಸ್ಯಾಮ್ಯುಯೆಲ್. ಏರ್ ಡೆಕ್ಕನ್ ಹಾರಲಾರಂಭಿಸಿದ್ದು 2003ರಲ್ಲಿ. ಹೀಗೆ ನಮ್ಮ ನೆರೆಯವರ ಬದುಕಿನಿಂದ ನಮಗೆ ದೊರೆಯುವ ಪಾಠ ವಿಮಾನ ನಡೆಸುವುದರ ಕುರಿತಾದದ್ದಲ್ಲ. ಒಂದು ಬದುಕಿನಿಂದ ಇನ್ನೊಂದಕ್ಕೆ ದಾಟುವ ನಡುವೆ ವರ್ಷಗಟ್ಟಲೆ ನೆಲದ ಕೆಲಸ ಇರುತ್ತದೆ ಎಂಬುದೇ ಆ ಪಾಠ.

ಬೇರೆ ಕೆಲಸದ ನಡುವೆಯೇ ಹಾರಲು ಕಲಿತವರ ಉದಾಹರಣೆಯೂ ನಮ್ಮ ದೇಶದಲ್ಲಿ ಹಳೆಯದೇ. ಜೆ. ಆರ್. ಡಿ. ಟಾಟಾ ಅವರು ಮನೆತನದ ಸಂಸ್ಥೆಯಲ್ಲಿ ದುಡಿಯುತ್ತಿದ್ದಾಗಲೇ ಮುಂಬಯಿಯ ಫ್ಲೈಯಿಂಗ್ ಕ್ಲಬ್ಬಿನಲ್ಲಿ ಕಲಿತು, 1929ರ ಫೆಬ್ರವರಿ 10ರಂದು ಭಾರತದಲ್ಲಿ ನೀಡಲಾದ ಮೊದಲ ಪೈಲಟ್ ಪರವಾನಗಿಯನ್ನು ಪಡೆದರು. 1932ರ ಅಕ್ಟೋಬರ್ 15ರಂದು ಕರಾಚಿಯಿಂದ ಅಹಮದಾಬಾದ್ ಮಾರ್ಗವಾಗಿ ಮುಂಬಯಿಗೆ ಅಂಚೆ ಚೀಲಗಳನ್ನು ಅವರೇ ಹಾರಿಸಿ ತಂದರು. ಅಲ್ಲಿಂದ ಆ ಅಂಚೆಯನ್ನು ಮದರಾಸಿಗೆ ಒಯ್ದವರು ನೆವಿಲ್ ವಿನ್ಸೆಂಟ್. ಅವರ ವಿಮಾನ ನಡುವೆ ಇಳಿದದ್ದು ನಮ್ಮ ಬಳ್ಳಾರಿಯಲ್ಲಿ. ಇನ್ನು ಬೆಂಗಳೂರಿನ ಜಕ್ಕೂರು. ಅಲ್ಲಿಯ ಸರ್ಕಾರಿ ವಿಮಾನ ಚಾಲನಾ ತರಬೇತಿ ಶಾಲೆಯಲ್ಲಿ 1949ರಲ್ಲಿ ಕಲಿತು ಹೊರಬಂದವರು ಉಷಾ ಸುಂದರಂ. 1951ರಲ್ಲಿ ಅವರು ಪತಿ ವಿ. ಸುಂದರಂ ಅವರೊಡನೆ ಇಂಗ್ಲೆಂಡಿನಿಂದ ಭಾರತಕ್ಕೆ ಸಣ್ಣದೊಂದು ಡವ್ ವಿಮಾನವನ್ನು 27 ಗಂಟೆಗಳಲ್ಲಿ ತಂದರು. ಗಂಡ ಹೆಂಡತಿ ಒಟ್ಟಿಗೆ ಕುಳಿತು ಅಷ್ಟು ದೂರ ಹಾರಿದ ಈ ಸಂಗತಿಯನ್ನು ಓದಿದಾಗ, ಈ ವಿದ್ಯೆ ಒಂಟಿ ಸಾಹಸಿಗಳದ್ದು ಮಾತ್ರವಲ್ಲ, ಮನೆಯವರದ್ದೂ ಹೌದು ಎನಿಸಿತು.

ಆದರೆ ಉದಾಹರಣೆಗಳಿಂದ ಪರವಾನಗಿ ದೊರೆಯುವುದಿಲ್ಲ. ಮಗ ನನ್ನ ಮುಂದೆ ಹರಡಿದ ನಿಯಮಗಳನ್ನು ಮೇಷ್ಟರ ಕಣ್ಣಿನಿಂದ ಓದಿದೆ. ವಾಣಿಜ್ಯ ವಿಮಾನ ಚಾಲಕನ ಪರವಾನಗಿಗೆ ಕನಿಷ್ಠ ವಯಸ್ಸು 18. ಒಟ್ಟು 200 ಗಂಟೆಗಳ ಹಾರಾಟ ಬೇಕು. ಅದರಲ್ಲಿ 100 ಗಂಟೆ ವಿಮಾನದ ಸಂಪೂರ್ಣ ಹೊಣೆಯನ್ನು ತಾನೇ ಹೊತ್ತು ಹಾರಿರಬೇಕು. ಊರಿಂದೂರಿಗೆ ಹಾರುವ ದೂರಪ್ರಯಾಣ, ಉಪಕರಣಗಳನ್ನು ಮಾತ್ರ ನಂಬಿ ಹಾರುವ ಅಭ್ಯಾಸ, ರಾತ್ರಿ ಹಾರಾಟ, ಇವುಗಳಿಗೆ ಬೇರೆ ಬೇರೆ ಲೆಕ್ಕವಿದೆ. ದೂರಪ್ರಯಾಣಗಳಲ್ಲಿ ಒಂದಾದರೂ 300 ನಾಟಿಕಲ್ ಮೈಲಿಗಳದ್ದಾಗಿರಬೇಕು. ಹಾರಾಟವಲ್ಲದೆ ನ್ಯಾವಿಗೇಷನ್, ಹವಾಮಾನ ಶಾಸ್ತ್ರ, ವಿಮಾನಯಾನ ನಿಯಮಗಳು, ವಿಮಾನದ ತಾಂತ್ರಿಕ ವಿಷಯ ಎಂಬ ಲಿಖಿತ ಪರೀಕ್ಷೆಗಳಿವೆ. ತೇರ್ಗಡೆಗೆ ನೂರಕ್ಕೆ 70 ಅಂಕ. ಇವುಗಳ ಮೇಲೆ ರೇಡಿಯೋದಲ್ಲಿ ಮಾತನಾಡುವ ಪರವಾನಗಿ ಬೇರೆ. ನಾವು ಮಕ್ಕಳಿಗೆ ಮೂವತ್ತೈದು ಅಂಕಕ್ಕೆ ಪಾಸು ಕೊಟ್ಟವರು! ಎಪ್ಪತ್ತು ಎಂಬುದನ್ನು ನೋಡಿ ನನಗೆ ಮೊದಲು ಬೆರಗಾಯಿತು, ಅನಂತರ ಗೌರವ ಹುಟ್ಟಿತು.

ಇವೆಲ್ಲಕ್ಕೂ ಮೊದಲು ನಿಲ್ಲುವ ಬಾಗಿಲು ವೈದ್ಯಕೀಯ ಪರೀಕ್ಷೆಯದು. ಇದನ್ನು ಓದುಗ ಕುಟುಂಬಗಳು ಮುಖ್ಯವಾಗಿ ಗಮನಿಸಬೇಕು. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯ ಮಾನ್ಯ ಮಾಡಿದ ವೈದ್ಯರಲ್ಲಿ ಮೊದಲು ಎರಡನೆಯ ದರ್ಜೆಯ ತಪಾಸಣೆ, ಆಮೇಲೆ ಮೊದಲನೆಯ ದರ್ಜೆಯದು. ಬೆಂಗಳೂರಿನಲ್ಲಿ ವಾಯುಪಡೆಯ ವೈಮಾನಿಕ ವೈದ್ಯಕೀಯ ಸಂಸ್ಥೆಯಲ್ಲಿ ಇದು ನಡೆಯುತ್ತದೆ. ಕನ್ನಡಕ ಹಾಕಿಕೊಂಡವರಿಗೆ ದಾರಿ ಮುಚ್ಚಿದೆ ಎಂಬುದು ತಪ್ಪು ತಿಳಿವಳಿಕೆ. ಕನ್ನಡಕದಿಂದ ದೃಷ್ಟಿ ಸರಿಹೋಗುವಂತಿದ್ದರೆ ಅಡ್ಡಿಯಿಲ್ಲ. ಬಣ್ಣಗಳನ್ನು ಗುರುತಿಸುವ ಶಕ್ತಿಯಲ್ಲಿ ದೋಷವಿದ್ದರೆ ಮಾತ್ರ ಕಷ್ಟ. ಆದ್ದರಿಂದ ಶುಲ್ಕ ಕಟ್ಟುವ ಮೊದಲು, ಸಾಲ ಮಾಡುವ ಮೊದಲು, ತಪಾಸಣೆ ಮುಗಿಸಿಕೊಳ್ಳಬೇಕು. ಮಗ 2023ರ ಆರಂಭದಲ್ಲಿ ಅದನ್ನೇ ಮಾಡಿದ. ಅದರ ಫಲ ತಿಳಿಯುವವರೆಗೆ ಒಂದು ಪುಸ್ತಕವನ್ನೂ ಕೊಳ್ಳಲಿಲ್ಲ.

ಆಮೇಲೆ ಆರಂಭವಾದದ್ದು ಓದು. ಅವನ ಕಂಪನಿಯ ಕೆಲಸ ಮಧ್ಯಾಹ್ನ ಶುರುವಾಗಿ ರಾತ್ರಿ ತಡವಾಗಿ ಮುಗಿಯುವಂಥದ್ದು. ಬೆಳಗಿನ ಎರಡು ಗಂಟೆ ಮಾತ್ರ ಅವನದು. ಎರಡು ವಾರಕ್ಕೊಮ್ಮೆ ಪಾಂಡವಪುರ ನಿಲ್ದಾಣದಲ್ಲಿ ರೈಲಿಳಿದು ಊರಿಗೆ ಬಂದಾಗ ಚೀಲದಲ್ಲಿ ಬಟ್ಟೆಗಿಂತ ಹೆಚ್ಚಾಗಿ ಪುಸ್ತಕ ಇರುತ್ತಿದ್ದವು. ಹವಾಮಾನ ಶಾಸ್ತ್ರವನ್ನು ಅವನು ನನಗೆ ಓದಿ ಹೇಳುತ್ತಿದ್ದ. ಒಂದು ಸಾವಿರ ಅಡಿ ಮೇಲೇರಿದರೆ ಉಷ್ಣಾಂಶ ಸುಮಾರು ಎರಡು ಡಿಗ್ರಿ ಇಳಿಯುತ್ತದೆ. ಬಿಸಿಯಾದ ಗಾಳಿ ತೆಳುವಾಗುತ್ತದೆ, ತೆಳು ಗಾಳಿ ರೆಕ್ಕೆಯನ್ನು ಕಡಿಮೆ ಎತ್ತುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಎತ್ತರದಲ್ಲಿರುವುದರಿಂದ ಬೇಸಿಗೆಯ ಮಧ್ಯಾಹ್ನ ಸಣ್ಣ ವಿಮಾನಕ್ಕೆ ಮೇಲೇಳಲು ಹೆಚ್ಚು ದೂರದ ಓಟ ಬೇಕಾಗುತ್ತದೆ. ಕಲಿಯುವವರನ್ನು ಬೆಳಗಿನ ತಂಪಿನಲ್ಲಿ ಹಾರಿಸಲು ಇದೂ ಒಂದು ಕಾರಣ. ಭರಣಿ, ಕೃತ್ತಿಕೆ ಎಂದು ಮಳೆಯನ್ನು ನಕ್ಷತ್ರದ ಹೆಸರಿನಿಂದ ಎಣಿಸುವ ನಮ್ಮೂರಿನ ರೈತರು ಮುಂಗಾರಿಗೆ ಮುಂಚಿನ ಗುಡುಗು ಮೋಡಗಳನ್ನು ನೋಡಿ ಕಣದಲ್ಲಿ ಹರಡಿದ್ದನ್ನು ಒಳಗೆ ತೆಗೆಯುತ್ತಾರೆ. ವಿಮಾನ ಚಾಲಕರು ಅದೇ ಮೋಡವನ್ನು ಕಂಡು ದಾರಿ ಬದಲಿಸುತ್ತಾರೆ. ಬೇಸಾಯಗಾರನೂ ಚಾಲಕನೂ ಆಕಾಶದ ಮುಂದೆ ಒಂದೇ ತರಗತಿಯ ವಿದ್ಯಾರ್ಥಿಗಳು ಎಂದು ನನಗೆ ಆಗ ಅನಿಸಿತು.

ಎರಡು ವರ್ಷಗಳಲ್ಲಿ ಒಂದೊಂದಾಗಿ ಪರೀಕ್ಷೆಗಳು ಮುಗಿದವು. ನ್ಯಾವಿಗೇಷನ್ ಮಾತ್ರ ಎರಡನೆಯ ಸಲಕ್ಕೆ ಒಲಿಯಿತು. ಇಲ್ಲಿಯವರೆಗೆ ಕೆಲಸವೂ ಓದೂ ಜೊತೆಯಾಗಿ ಸಾಗಿದವು. ಸಂಬಳ ಬರುತ್ತಿತ್ತು, ಸಂಬಳದಿಂದ ಉಳಿತಾಯವೂ ಬೆಳೆಯುತ್ತಿತ್ತು. ಈ ಹಂತದವರೆಗೆ ಯಾರಾದರೂ ಕೆಲಸ ಬಿಡದೆ ಬರಬಹುದು, ಬರಲೂಬೇಕು ಎಂಬುದು ನನ್ನ ಅನಿಸಿಕೆ. ಇಷ್ಟರೊಳಗೆ ಆಸೆಯೇ ಬತ್ತಿಹೋದರೂ ಕಳೆದುಕೊಳ್ಳುವುದು ಸ್ವಲ್ಪ ಹಣ, ಸ್ವಲ್ಪ ನಿದ್ದೆ.

ಹಾರಾಟ ಆರಂಭವಾದ ಮೇಲೆ ಲೆಕ್ಕ ಬದಲಾಯಿತು. ಶನಿವಾರ ಒಂದು ಗಂಟೆ, ಭಾನುವಾರ ಒಂದು ಗಂಟೆ ಹಾರಿದರೂ ವರ್ಷಕ್ಕೆ 104 ಗಂಟೆ ಆಗಬೇಕು. ಕಾಗದದ ಮೇಲೆ ಅದು ಚೆಂದ. ಮುಂಗಾರಿನಲ್ಲಿ ಮೋಡ ಕೆಳಗಿಳಿದು ಕೂರುತ್ತದೆ. ವಿಮಾನ ದುರಸ್ತಿಗೆ ಹೋಗುತ್ತದೆ. ಕಂಪನಿಯಲ್ಲಿ ಶನಿವಾರವೂ ಕರೆಯುತ್ತಾರೆ. ಮೊದಲ ವರ್ಷ ಅವನ ಪುಸ್ತಕಕ್ಕೆ ಸೇರಿದ್ದು ನಲವತ್ತು ಗಂಟೆ. ಹೀಗೆಯೇ ಸಾಗಿದರೆ 200 ಗಂಟೆಗೆ ಐದು ವರ್ಷ. ಅಷ್ಟೇ ಅಲ್ಲ, ಎರಡು ಪಾಠಗಳ ನಡುವೆ ಮೂರು ವಾರ ಬಿಡುವಾದರೆ ಕೈ ಮರೆಯುತ್ತದೆ, ಕಲಿತದ್ದನ್ನೇ ಮತ್ತೆ ಹಣ ಕೊಟ್ಟು ಕಲಿಯಬೇಕಾಗುತ್ತದೆ. ಬರೆದ ಪರೀಕ್ಷೆಗಳ ಫಲಿತಾಂಶಕ್ಕೂ ಕಾಲಮಿತಿಯಿದೆ.

ಇನ್ನೊಂದು ತೊಡಕು ದಣಿವಿನದು. ವಿಮಾನ ಹತ್ತುವ ಮೊದಲು ಚಾಲಕನು ತನ್ನನ್ನು ತಾನೇ ಕೇಳಿಕೊಳ್ಳಬೇಕಾದ ಆರು ಪ್ರಶ್ನೆಗಳಿವೆ. ಮೈ ಹುಷಾರಿದೆಯೇ? ಔಷಧ ಏನಾದರೂ ತೆಗೆದುಕೊಂಡಿದ್ದೇನೆಯೇ? ಮನಸ್ಸಿನಲ್ಲಿ ಒತ್ತಡವಿದೆಯೇ? ಮದ್ಯದ ಸೋಂಕು ಇದೆಯೇ? ದಣಿದಿದ್ದೇನೆಯೇ? ಹೊಟ್ಟೆಗೆ ಸರಿಯಾಗಿ ತಿಂದಿದ್ದೇನೆಯೇ? ನನ್ನ ಹೆಂಡತಿಗೆ ಈ ಆರೂ ಪ್ರಶ್ನೆಗಳು ಬಾಯಿಪಾಠವಾದವು. ಶನಿವಾರ ಬೆಳಿಗ್ಗೆ ಐದಕ್ಕೆ ಫೋನು ಮಾಡಿ, "ರಾತ್ರಿ ಎಷ್ಟೊತ್ತಿಗೆ ಮಲಗಿದ್ಯಪ್ಪ?" ಎಂದು ಕೇಳುವುದು ಅವಳ ವಾಡಿಕೆಯಾಯಿತು. ಒಂದು ಶನಿವಾರ ಅವನು, "ಎರಡು ಗಂಟೆ ಆಗಿತ್ತಮ್ಮ. ಇವತ್ತು ಹೋಗಲ್ಲ" ಎಂದ. ಅಂದಿನ ಪಾಠ ಹೋಯಿತು, ಸರದಿ ಇನ್ನೊಬ್ಬರ ಪಾಲಾಯಿತು. ನನಗಾದರೋ ಅವನು ಕಲಿತ ಅತ್ಯುತ್ತಮ ಪಾಠ ಅದೇ ಎನಿಸಿತು. ಪ್ರಯಾಣಿಕರನ್ನು ಕೂರಿಸಿಕೊಂಡ ಚಾಲಕರಿಗೂ ಇದೇ ನ್ಯಾಯ. ನಮ್ಮ ದೇಶದಲ್ಲಿ 2025ರ ಜುಲೈ 1ರಿಂದ ವಿಮಾನ ಚಾಲಕರ ವಾರದ ವಿಶ್ರಾಂತಿಯನ್ನು 36 ಗಂಟೆಗಳಿಂದ 48 ಗಂಟೆಗಳಿಗೆ ಏರಿಸಲಾಯಿತು. ಅದೇ ವರ್ಷ ನವೆಂಬರಿನಿಂದ ರಾತ್ರಿ ಹಾರಾಟದ ಮಿತಿಗಳೂ ಬಿಗಿಯಾದವು. ಡಿಸೆಂಬರಿನಲ್ಲಿ ದೇಶದ ಅತಿ ದೊಡ್ಡ ವಿಮಾನ ಸಂಸ್ಥೆ ಸಾಕಷ್ಟು ಚಾಲಕರಿಲ್ಲದೆ ಸಾವಿರಾರು ಹಾರಾಟಗಳನ್ನು ರದ್ದು ಮಾಡಬೇಕಾಯಿತು. ದಣಿದವನನ್ನು ಹಾರಿಸಬಾರದೆಂಬ ಸರಳ ಮಾತಿಗೆ ಎಷ್ಟು ಬೆಲೆ ತೆರಬೇಕಾಗುತ್ತದೆ ಎಂಬುದನ್ನು ದೇಶವೇ ಅಂದು ಕಂಡಿತು.

ಹೀಗೆ ನಾವು ಒಂದು ಗಡಿಗೆ ಬಂದು ನಿಂತೆವು. ಉದ್ಯೋಗದಲ್ಲಿದ್ದೇ ಬರಬಹುದಾದಷ್ಟು ದೂರ ಬಂದಾಗಿತ್ತು. ಉಳಿದ ಗಂಟೆಗಳನ್ನು ಮುಗಿಸಲು ಒಂದಷ್ಟು ತಿಂಗಳು ಅದಕ್ಕೇ ಮುಡಿಪಾಗಬೇಕು. ಒಟ್ಟು ಖರ್ಚು ಅರ್ಧ ಕೋಟಿಯ ಆಚೀಚೆ. ಪರವಾನಗಿ ಬಂದ ಮೇಲೆ ದೊಡ್ಡ ವಿಮಾನವನ್ನು ನಡೆಸಲು ಬೇರೆ ತರಬೇತಿ, ಅದಕ್ಕೆ ಮತ್ತೆ ಹತ್ತಾರು ಲಕ್ಷ. ಏಳೂವರೆ ಲಕ್ಷ ಮೀರಿದ ಶಿಕ್ಷಣ ಸಾಲಕ್ಕೆ ಬ್ಯಾಂಕುಗಳು ಸಾಮಾನ್ಯವಾಗಿ ಆಸ್ತಿಯ ಭದ್ರತೆ ಕೇಳುತ್ತವೆ. ಆಗ ಎಲ್ಲರ ಕಣ್ಣು ಬಿದ್ದದ್ದು ಗದ್ದೆಯ ಮೇಲೆ. "ನಾಲೆ ನೀರಿನ ಜಮೀನಿಗೆ ಈಗ ಒಳ್ಳೆ ಬೆಲೆ ಇದೆ ಭಾವ, ಮಾರಿಬಿಡಿ. ಹುಡುಗ ಎರಡೇ ವರ್ಷದಲ್ಲಿ ಎರಡರಷ್ಟು ತಂದು ಸುರೀತಾನೆ" ಎಂದು ನನ್ನ ಭಾಮೈದ ಪ್ರೀತಿಯಿಂದಲೇ ಹೇಳಿದ. ನಾನು ಹೂಂ ಎನ್ನಲೂ ಇಲ್ಲ, ಉಹೂಂ ಎನ್ನಲೂ ಇಲ್ಲ.

ನನಗೆ ಉತ್ತರ ದೊರೆತದ್ದು ಮಗನ ನ್ಯಾವಿಗೇಷನ್ ಪುಸ್ತಕದಲ್ಲಿ. ಮರಳಲಾಗದ ಬಿಂದು ಎಂಬುದೊಂದು ಪಾಠ ಅದರಲ್ಲಿದೆ. ಹೊರಟ ನಿಲ್ದಾಣಕ್ಕೆ ಇರುವ ಇಂಧನದಲ್ಲೇ ಹಿಂದಿರುಗಬಹುದಾದ ಕಟ್ಟಕಡೆಯ ಜಾಗ ಅದು. ಅದನ್ನು ದಾಟಿದ ಮೇಲೆ ಮುಂದೆ ಹೋಗುವುದೊಂದೇ ದಾರಿ. ಚಾಲಕನು ಈ ಬಿಂದುವನ್ನು ನೆಲದ ಮೇಲಿರುವಾಗಲೇ ಲೆಕ್ಕ ಹಾಕಿಕೊಳ್ಳುತ್ತಾನೆ. ಅದಕ್ಕೂ ಮೊದಲು ಮೀಸಲು ಇಂಧನವನ್ನು ಲೆಕ್ಕದಿಂದ ಹೊರಗೆ ತೆಗೆದಿಡುತ್ತಾನೆ.

ನಾನು ಗಣಿತ ಕಲಿಸಿದವನಾದ್ದರಿಂದ ಲೆಕ್ಕವನ್ನು ಮಾಡಿಯೇ ನೋಡಿದೆ. ಮೀಸಲು ಬಿಟ್ಟು ನಾಲ್ಕು ಗಂಟೆಯ ಇಂಧನವಿದೆ, ವಿಮಾನದ ವೇಗ ಗಂಟೆಗೆ 100 ನಾಟಿಕಲ್ ಮೈಲಿ ಎಂದಿಟ್ಟುಕೊಳ್ಳೋಣ. ಗಾಳಿಯಿಲ್ಲದಿದ್ದರೆ ಎರಡು ಗಂಟೆಯಲ್ಲಿ 200 ಮೈಲಿ ಹೋಗಿ, ಎರಡು ಗಂಟೆಯಲ್ಲಿ ಹಿಂದಿರುಗಬಹುದು. ಈಗ ಹೋಗುವಾಗ ಬೆನ್ನ ಹಿಂದಿನಿಂದ 20 ಮೈಲಿ ವೇಗದ ಗಾಳಿ ಬೀಸುತ್ತಿದೆ ಎನ್ನಿ. ಹೋಗುವ ವೇಗ 120, ಹಿಂದಿರುಗುವಾಗ ಅದೇ ಗಾಳಿ ಎದುರಾಗಿ 80. ಲೆಕ್ಕ ಹಾಕಿದರೆ ಮರಳಲಾಗದ ಬಿಂದು 192 ಮೈಲಿಗೇ ಬರುತ್ತದೆ. ಸಮಯದಲ್ಲಂತೂ ಎರಡು ಗಂಟೆಗೆ ಬದಲು ಒಂದು ಗಂಟೆ 36 ನಿಮಿಷಕ್ಕೇ ಅದು ಬಂದುಬಿಡುತ್ತದೆ. ಬೆನ್ನ ಹಿಂದೆ ಗಾಳಿಯಿದ್ದಾಗ ಪ್ರಯಾಣ ಸುಲಭವೆನಿಸುತ್ತದೆ, ಆದರೆ ಹಿಂದಿರುಗುವ ಅವಕಾಶ ಅಷ್ಟೇ ಬೇಗ ಮುಗಿದುಹೋಗುತ್ತದೆ.

ಆ ಸಾಲನ್ನು ಬರೆದು ನಾನು ಬಹಳ ಹೊತ್ತು ಸುಮ್ಮನೆ ಕುಳಿತೆ. ಭಾಮೈದನ ಮಾತು, ಊರಿನವರ ಅಭಿಮಾನ, ಗೆಳೆಯರ ಹುರಿದುಂಬಿಕೆ, ಇವೆಲ್ಲ ಬೆನ್ನ ಹಿಂದಿನ ಗಾಳಿ. ಅವು ಕೆಟ್ಟವಲ್ಲ. ಆದರೆ ಹಿಂದಿರುಗಬೇಕಾಗಿ ಬಂದರೆ ಅವೇ ಎದುರುಗಾಳಿಯಾಗುತ್ತವೆ. "ಪೈಲಟ್ ಆಗ್ತೀನಿ ಅಂತ ಹೋದವನು ವಾಪಸ್ ಬಂದ" ಎಂಬ ಮಾತನ್ನು ಅದೇ ಜಗಲಿ ಆಡುತ್ತದೆ. ಸಂಬಳ ಬರುತ್ತಿರುವವರೆಗೆ ಇಂಧನ ತುಂಬುತ್ತಲೇ ಇರುತ್ತದೆ, ಮರಳಲಾಗದ ಬಿಂದು ಮುಂದೆ ಮುಂದೆ ಸರಿಯುತ್ತದೆ. ಕೆಲಸ ಬಿಟ್ಟ ದಿನ ಗಡಿಯಾರ ಓಡಲಾರಂಭಿಸುತ್ತದೆ.

ಮುಂದಿನ ಸಲ ಮಗ ಬಂದಾಗ ನಾಲ್ವರೂ ಊಟದ ಮೇಜಿನ ಸುತ್ತ ಕುಳಿತೆವು. ಮೊದಲು ಮೀಸಲನ್ನು ತೆಗೆದಿಟ್ಟೆವು. ನನ್ನ ಪಿಂಚಣಿ, ಮಗಳ ಓದಿನ ಹಣ, ಗದ್ದೆ, ಈ ಮೂರನ್ನೂ ಲೆಕ್ಕಕ್ಕೆ ತರಬಾರದೆಂದು ನಿರ್ಧಾರವಾಯಿತು. ಗದ್ದೆಯ ವಿಷಯದಲ್ಲಿ ಕೊನೆಯ ಮಾತನ್ನು ಆಡಿದವಳು ಅವನ ತಾಯಿ: "ಗದ್ದೆ ಮಾರಿ ಹಾರೋಕೆ ಹೋದ್ರೆ, ಅಷ್ಟು ಭಾರವನ್ನೂ ಹೊತ್ಕೊಂಡೇ ಹಾರಬೇಕಾಗುತ್ತೆ ಕಣಪ್ಪ. ಗದ್ದೆ ಇಲ್ಲೇ ಇರ್ಲಿ. ನೀನು ಹಗುರವಾಗಿ ಹೋಗು." ಮಗ ತಲೆಯಾಡಿಸಿದ. ಅಷ್ಟು ದಿನ ಅವನು ಗದ್ದೆಯನ್ನು ಕೇಳಿರಲಿಲ್ಲ. ಕೇಳಿಬಿಡುತ್ತಾನೇನೋ ಎಂಬ ಭಯ ನನಗೂ, ಕೇಳಬೇಕಾಗುತ್ತದೇನೋ ಎಂಬ ಸಂಕೋಚ ಅವನಿಗೂ ಇದ್ದವು. ಅಂದು ಎರಡೂ ಕರಗಿದವು.

ಇನ್ನುಳಿದದ್ದು ಅವನ ಉಳಿತಾಯ. ಅದರಲ್ಲಿ ತರಬೇತಿಯ ಹಣ ಕಳೆದು ಹದಿನೆಂಟು ತಿಂಗಳ ಜೀವನಕ್ಕೆ ಸಾಲುವಷ್ಟು ಇರಬೇಕು, ಅಲ್ಲಿಯವರೆಗೆ ಕೆಲಸ ಬಿಡುವುದಿಲ್ಲ ಎಂದು ಬರೆದುಕೊಂಡೆವು. ಹಳೆಯ ವೃತ್ತಿಗೆ ಮರಳಿ ಕೆಲಸ ಹುಡುಕಲು ಆರು ತಿಂಗಳು ಬೇಕೆಂದಾದರೆ ಹನ್ನೆರಡನೆಯ ತಿಂಗಳೇ ಮರಳುವ ಬಿಂದು. ಅಷ್ಟರೊಳಗೆ ಪರವಾನಗಿ ಕೈಗೆ ಬರದಿದ್ದರೆ, ಯಾರನ್ನೂ ದೂರದೆ, ಯಾರಿಗೂ ನಾಚದೆ, ಹಳೆಯ ಕೆಲಸಕ್ಕೆ ಅರ್ಜಿ ಹಾಕಬೇಕು. ಮಗಳು ಆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಮಾಡುವುದಾಗಿ ಹೇಳಿ, "ಅಣ್ಣ, ಅವತ್ತು ನೀನು ವಾಪಸ್ ಬಂದ್ರೆ ನಾನು ಒಂದು ಮಾತೂ ಕೇಳಲ್ಲ" ಎಂದಳು. ಹಾರಲು ಹೊರಟವನಿಗೆ ಇದಕ್ಕಿಂತ ದೊಡ್ಡ ಧೈರ್ಯವನ್ನು ಯಾರು ಕೊಟ್ಟಾರು!

ಹಳೆಯ ವೃತ್ತಿಯ ನಂಟನ್ನು ಪೂರ್ತಿ ಕಡಿದುಕೊಳ್ಳಬಾರದೆಂಬುದಕ್ಕೆ ವಿಮಾನಯಾನದ ಇತಿಹಾಸವೇ ಸಾಕ್ಷಿ. ಏರ್ ಡೆಕ್ಕನ್ 2008ರಲ್ಲಿ ಕಿಂಗ್‌ಫಿಷರಿನೊಡನೆ ವಿಲೀನವಾಯಿತು, ಕಿಂಗ್‌ಫಿಷರ್ 2012ರ ಅಕ್ಟೋಬರಿನಲ್ಲಿ ಹಾರಾಟ ನಿಲ್ಲಿಸಿತು. 2019ರ ಏಪ್ರಿಲಿನಲ್ಲಿ ಜೆಟ್ ಏರ್‌ವೇಸ್ ನಿಂತಿತು. 2020ರಲ್ಲಿ ಕೊರೊನಾ ಬಂದಾಗ ಮಾರ್ಚ್ ಕೊನೆಯಿಂದ ಎರಡು ತಿಂಗಳು ದೇಶದೊಳಗಿನ ಪ್ರಯಾಣಿಕರ ವಿಮಾನಗಳೆಲ್ಲ ನೆಲದಲ್ಲೇ ಉಳಿದವು. ಸಾವಿರಾರು ಗಂಟೆಗಳ ಅನುಭವವಿದ್ದ ಚಾಲಕರೂ ಆ ದಿನಗಳಲ್ಲಿ ಸಂಬಳವಿಲ್ಲದೆ ಕುಳಿತರು. ಇದನ್ನು ಹೇಳುವುದು ಯಾರನ್ನೂ ಹೆದರಿಸಲು ಅಲ್ಲ. ಈ ಕ್ಷೇತ್ರ ಬೆಳೆಯುತ್ತಿರುವುದೂ ನಿಜ. 2021ರಲ್ಲಿ ನಮ್ಮ ರಾಜ್ಯದ ಬೆಳಗಾವಿ, ಕಲಬುರಗಿ ವಿಮಾನ ನಿಲ್ದಾಣಗಳಲ್ಲಿ ಹೊಸ ತರಬೇತಿ ಶಾಲೆಗಳಿಗೆ ಜಾಗ ಮಂಜೂರಾಯಿತು. ಆದರೆ ಬೆಳೆಯುವ ಕ್ಷೇತ್ರದಲ್ಲಿಯೂ ಬರಗಾಲ ಬರುತ್ತದೆ. ಇದನ್ನು ಮಂಡ್ಯದ ರೈತನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡು ಕಸುಬು ಬಲ್ಲವನು ಬರಗಾಲದಲ್ಲಿ ಬದುಕುತ್ತಾನೆ.

ಧರ್ಮಸಭೆಯಲ್ಲಿ ವಿಮಾನ ಚಾಲಕರಿಗೂ ಒಬ್ಬ ಪಾಲಕಿಯಿದ್ದಾಳೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಿಕ್ಕಿಲ್ಲ. 1920ರ ಮಾರ್ಚ್ 24ರಂದು ಜಗದ್ಗುರು ಹದಿನೈದನೆಯ ಬೆನೆಡಿಕ್ಟರು ಲೊರೆಟೊ ಮಾತೆಯನ್ನು ವಿಮಾನ ಚಾಲಕರ ಪಾಲಕಿಯೆಂದು ಘೋಷಿಸಿದರು. ಇಟಲಿಯ ಲೊರೆಟೊದಲ್ಲಿರುವುದು ನಜರೇತಿನ ಪವಿತ್ರ ಮನೆಯೆಂದು ನಂಬುಗೆ. ದೇವದೂತರು ಅದನ್ನು ಆಕಾಶಮಾರ್ಗದಲ್ಲಿ ಹೊತ್ತು ತಂದರೆಂದು ಪರಂಪರೆ ಹೇಳುತ್ತದೆ. ಡಿಸೆಂಬರ್ 10 ಆಕೆಯ ಹಬ್ಬ. ಆಕಾಶಕ್ಕೆ ಏರುವವರ ಪಾಲಕಿಯ ಗುರುತು ಒಂದು ಮನೆ ಎಂಬುದು ನನಗೆ ಅರ್ಥಪೂರ್ಣವಾಗಿ ಕಂಡಿತು. ಎಷ್ಟು ಎತ್ತರಕ್ಕೆ ಹೋದವನಿಗೂ ನಾಲ್ಕು ಗೋಡೆಗಳ ನೆನಪು ಬೇಕು. ಮನೆಯೂ ಅವನನ್ನು ಕಟ್ಟಿಹಾಕದೆ, ಅವನೊಡನೆ ಹೇಗೋ ಹಾರುತ್ತದೆ.

ಈಗ ಮಗನ ಹಾರಾಟದ ಪುಸ್ತಕದಲ್ಲಿ ಅರವತ್ತು ಗಂಟೆಗಳು ಸೇರಿವೆ. ತಾನೊಬ್ಬನೇ ಮೇಲೇರಿ ಇಳಿದು ಬಂದದ್ದೂ ಆಗಿದೆ. ನಾವು ಬರೆದುಕೊಂಡ ಉಳಿತಾಯದ ಗೆರೆಯನ್ನು ಮುಟ್ಟಲು ಇನ್ನೂ ಕೆಲವು ತಿಂಗಳು ಬೇಕು. ಅಲ್ಲಿಯವರೆಗೆ ಮಧ್ಯಾಹ್ನದಿಂದ ರಾತ್ರಿಯವರೆಗೆ ಕಂಪನಿಯ ಕೆಲಸವನ್ನು ಅವನು ನಿಷ್ಠೆಯಿಂದಲೇ ಮಾಡುತ್ತಿದ್ದಾನೆ. ಬಿಡಲಿರುವ ಕೆಲಸವೆಂದು ಅದನ್ನು ಹಗುರವಾಗಿ ಕಂಡಿಲ್ಲ. ಅವನು ವಿಮಾನ ಚಾಲಕನಾಗುವನೇ ಎಂದು ಕೇಳಿದರೆ ನಾನು ಆಣೆ ಮಾಡಿ ಹೇಳಲಾರೆ. ಚಾಲಕನಿಗೆ ಬೇಕಾದ ಒಂದು ಗುಣ ಮಾತ್ರ ಅವನಲ್ಲಿ ಈಗಾಗಲೇ ಬೆಳೆದಿದೆ. ತನ್ನ ಬಳಿ ಎಷ್ಟಿದೆ, ಎಷ್ಟು ಸಾಲದು ಎಂಬುದನ್ನು ತನಗೂ ಇತರರಿಗೂ ಉಳ್ಳದ್ದು ಉಳ್ಳಂತೆ ಹೇಳುವ ಗುಣ ಅದು.

ಪ್ರಿಯ ಓದುಗರೇ, ನಿಮ್ಮ ಮನೆಯಲ್ಲಿಯೂ ಮಗನೋ ಮಗಳೋ ಇಂಥ ಆಸೆಯೊಂದನ್ನು ಹೊತ್ತು ಬರಬಹುದು. ಅದು ವಿಮಾನವೇ ಆಗಬೇಕೆಂದಿಲ್ಲ. ನರ್ಸಿಂಗ್ ಬಿಟ್ಟು ಕಾನೂನು ಓದಬೇಕೆನ್ನಬಹುದು, ಬ್ಯಾಂಕ್ ಬಿಟ್ಟು ಬೇಸಾಯಕ್ಕೆ ಬರುತ್ತೇನೆನ್ನಬಹುದು. ಆಗ ಬೇಡ ಎನ್ನುವ ಮುನ್ನ ಕೇಳಿ. ಆಗಲಿ ಎನ್ನುವ ಮುನ್ನ ಕಾಗದ ಪೆನ್ನು ತನ್ನಿ. ಹೋಗುವ ಇಂಧನವನ್ನು ಮಕ್ಕಳು ತಾವೇ ದುಡಿದು ತುಂಬಿಕೊಳ್ಳುತ್ತಾರೆ. ಮರಳುವ ಇಂಧನವನ್ನು ಕಾಯ್ದಿಡುವುದು ಮನೆಯವರ ಕೆಲಸ. ಅದರಲ್ಲಿ ಹಣದ ಪಾಲು ಸ್ವಲ್ಪ. ಬಂದವನನ್ನು ಪ್ರಶ್ನಿಸದೆ ಒಳಗೆ ಕರೆದುಕೊಂಡು ತಟ್ಟೆಯಿಡುವ ಮನಸ್ಸೇ ಅದರ ಬಹುಪಾಲು.